ಬಿಲ್ಲು, ಬಾಣ, ಬಲ್ಬು

ನಗು ಬರಿಸುವ ಸಂಗತಿಗಳನ್ನು ಹುಡುಕಿಕೊಂಡು ಹೋಗುವವರಿದ್ದಾರಂತೆ. ನಮ್ಮ ಮನೆಗೆ ಅವು ತಾವಾಗಿಯೇ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕೂತು ಕಾಫಿ ಕೇಳುತ್ತವೆ. ಅದರಲ್ಲೂ ಮಂಡಿ ಮೊಹಲ್ಲಾದ ನಮ್ಮ ಗೋಡೌನಿಗೆ ಲೈಟು ಹಾಕಿಸಲು ಹೊರಟ ಮೇಲೆ ವಾರಕ್ಕೊಂದಾದರೂ ತಪ್ಪುತ್ತಿರಲಿಲ್ಲ.

ನಾನು ಎಲ್ಲವನ್ನೂ ಬರೆದಿಡುವವಳು. ಚಾಮರಾಜಪುರಂನ ನಮ್ಮ ಮನೆಯಲ್ಲಿ ಯಾವ ಬಲ್ಬು ಎಂದು ಹಾಕಿದ್ದು, ಎಂದು ಹೋಯಿತು, ಎಲ್ಲವೂ ನನ್ನ ಡೈರಿಯಲ್ಲಿದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು ನಾನು, ನಮ್ಮ ಬೀದಿಯ ಹೆಂಗಸರಲ್ಲಿ ಮೊದಲನೆಯವಳು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಗೋಡೌನು ನಮ್ಮ ಮಾವನವರ ಕಾಲದ್ದು. ಅವರು ಅಲ್ಲಿ ಕೊಬ್ಬರಿ ಇಡುತ್ತಿದ್ದರು. ವ್ಯಾಪಾರ ನಿಂತ ಮೇಲೆ ಬೀಗ ಹಾಕಿತ್ತು. ಮನೆಯ ಹಿರಿಯಳಾಗಿ ಅದರ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಅದನ್ನು ಕೇಳುವವರು ಇಬ್ಬರಿದ್ದರು. ಒಬ್ಬಳು ನನ್ನ ಸೊಸೆ. ಕಾಲೇಜಿನ ದಿನಗಳಿಂದಲೂ ಬಿಲ್ಲು ಹಿಡಿದವಳು, ಈಗ ಬೇರೆಯವರಿಗೂ ಕಲಿಸುತ್ತಾಳೆ. ಮಳೆ, ಬಿಸಿಲು, ಗಾಳಿಯ ಕಾಟವಿಲ್ಲದ ಒಳಾಂಗಣ ಬೇಕೆಂದು ಅವಳ ಆಸೆ. ಇನ್ನೊಬ್ಬ ನನ್ನ ಮೈದುನ. ಕುಂಬಾರಕೊಪ್ಪಲಿನಲ್ಲಿ ಅವನ ಶಾಮಿಯಾನದ ಅಂಗಡಿ. ಮದುವೆ ಸೀಸನ್ ಮುಗಿದರೆ ಕುರ್ಚಿ, ಕಂಬ, ಕೊಳಗ ಇಡಲು ಅವನಿಗೆ ಜಾಗವಿಲ್ಲ.

ಸೊಸೆ ಬಿಲ್ಲುಗಾರಿಕೆ ಸಂಘದವರನ್ನು ಕರೆಸಿದಳು. ಅವರು ಅಳೆದು ನೋಡಿ ಹೇಳಿದರು: "ಉದ್ದ ಸಾಕು, ಗೋಡೆ ಗಟ್ಟಿ. ಬೆಳಕು ಮಾತ್ರ ಕೊಬ್ಬರಿ ಇಡೋಕೆ ಸರಿ, ಬಾಣ ಬಿಡೋಕೆ ಸಾಲದು. ಸರಿಮಾಡಿಸಿ, ಇನ್ನೊಂದು ಸಲ ಬಂದು ನೋಡ್ತೀವಿ. ಒಪ್ಪಿಗೆಯಾದರೆ ಜಿಲ್ಲೆಯ ಆಯ್ಕೆ ಪಂದ್ಯ ಇಲ್ಲೇ ಇಟ್ಟುಕೊಳ್ಳೋಣ."

ನಾನು ಅಂದೇ ತೀರ್ಪು ಕೊಟ್ಟೆ. ಸಂಘದವರು ಬೆಳಕು ಒಪ್ಪಿದರೆ ಗೋಡೌನು ಸೊಸೆಗೆ, ಒಪ್ಪದಿದ್ದರೆ ಮೈದುನನ ಕುರ್ಚಿಗಳಿಗೆ.

"ಆಗ್ಲಿ ಬುಡಿ ಅತ್ತಿಗೆ, ನಂಗೇನು ಅವಸರ ಇಲ್ಲ" ಎಂದ ಮೈದುನ. ಎಂದವನು ಮಾರನೆಯ ದಿನವೇ ಬಂದು, ಟೇಪು ಹಿಡಿದು, ಎಷ್ಟು ಕುರ್ಚಿ ಹಿಡಿಸುತ್ತದೆಂದು ಅಳೆದುಕೊಂಡು ಹೋದ.

ಪೇಟದ ನೆರಳು

ಮೊದಲ ಲೈಟು ಹಾಕಿಸಿದ್ದು ನಮ್ಮ ಯಜಮಾನರು. ಬ್ಯಾಂಕಿನಿಂದ ನಿವೃತ್ತರಾದವರು; ಯಾವುದಕ್ಕೂ ಒಂದು ನಿಯಮ ಹೇಳುತ್ತಾರೆ. "ಪುಸ್ತಕ ಓದೋವಾಗ ಲೈಟು ಎಲ್ಲಿರಬೇಕು? ಬೆನ್ನ ಹಿಂದೆ. ಬಾಣಕ್ಕೂ ಅಷ್ಟೇ. ಕಣ್ಣಿಗೆ ಕುಕ್ಕಬಾರದು, ಎದುರಿಗಿರೋದು ಕಾಣಬೇಕು."

"ಬೆಳಕು ನೇರ ಹೋಗುತ್ತೆ ಕಣ್ರೀ, ನಿಮ್ಮನ್ನ ಬಳಸಿಕೊಂಡು ಹೋಗಲ್ಲ" ಎಂದೆ ನಾನು.

"ನಿನ್ನ ಬಿ.ಎಸ್ಸಿ. ನೀನೇ ಇಟ್ಕೋ" ಎಂದರು.

ಸ್ಟ್ಯಾಂಡಿನ ಮೇಲೆ ದೊಡ್ಡದೊಂದು ಲೈಟು ತರಿಸಿ, ಬಿಲ್ಲುಗಾರರು ನಿಲ್ಲುವ ಗೆರೆಯ ಹಿಂದೆ ಇಟ್ಟರು. ಮನೆಯ ಹಿರಿಯರೇ ಮೊದಲ ಬಾಣ ಬಿಡಲಿ ಎಂದು ಸೊಸೆ ಹೇಳಿದ್ದೇ ತಡ, ಅವರು ರೇಷ್ಮೆ ಪಂಚೆ ಉಟ್ಟು, ಮೈಸೂರು ಪೇಟ ಇಟ್ಟುಕೊಂಡು ಸಿದ್ಧರಾದರು. ಪೇಟ ಮಗನ ಮದುವೆಯದ್ದು, ಸ್ವಲ್ಪ ದೊಡ್ಡದು.

ಲೈಟು ಹತ್ತಿತು. ಯಜಮಾನರು ಸೊಸೆ ತೋರಿಸಿದಂತೆ ಬಿಲ್ಲು ಎತ್ತಿದರು, ಎಳೆದರು, ಒಂದು ಕಣ್ಣು ಮುಚ್ಚಿದರು, ಹಾಗೆಯೇ ನಿಂತರು.

"ಬಿಡಿ ಮಾವ, ಬಿಡಿ!"

"ಎಲ್ಲಿಗೆ ಬಿಡ್ಲಮ್ಮ?"

"ನಡುವಿನ ಹಳದಿಗೆ!"

ನಾವೆಲ್ಲ ಆಗ ಗುರಿಹಲಗೆಯತ್ತ ನೋಡಿದೆವು. ಹಳದಿಯೂ ಇಲ್ಲ, ಕೆಂಪೂ ಇಲ್ಲ. ಹಲಗೆಯ ತುಂಬ ಒಂದು ಕರಿ ಪೇಟ, ಅದರ ಕೆಳಗೆ ಇಷ್ಟು ದೊಡ್ಡ ತಲೆ, ಕೈಯಲ್ಲಿ ಬಿಲ್ಲು.

ಯಜಮಾನರು ಬಿಲ್ಲು ಇಳಿಸಿ ಹೇಳಿದರು: "ಹೆಂಗೆ ಬಿಡ್ಲಮ್ಮ? ಅಲ್ಲಿ ನಾನೇ ನಿಂತಿದ್ದೀನಲ್ಲ!"

ಲಾಭದ ಲೈಟು

ಲೈಟನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ತಂದೆವು. ಗುರಿಹಲಗೆಯ ಹತ್ತಿರ, ಎಡಗಡೆಯ ಗೋಡೆಯ ಮೇಲೆ ಹೊಡೆಸಿದೆವು. ಈಗ ಯಾರ ತಲೆಯೂ ಅಡ್ಡ ಬರಲಿಲ್ಲ. ಸೊಸೆ ಮೂರು ಬಾಣ ಬಿಟ್ಟಳು. ಮೂರೂ ಹಳದಿಗೆ ನಾಟಿದವು.

ಪಕ್ಕದಲ್ಲಿ ಮಸಾಲೆ ಪದಾರ್ಥಗಳ ಸಗಟು ಅಂಗಡಿ ಇದೆ. ಅದರ ಯಜಮಾನರನ್ನು ಎಲ್ಲರೂ ಸಾಹೇಬರು ಎನ್ನುತ್ತಾರೆ. ನಮ್ಮ ಮಾವನವರ ಕಾಲದಿಂದ ಪರಿಚಯ. ಸದ್ದು ಕೇಳಿ ಅವರೂ ಬಂದು ಬಾಗಿಲಲ್ಲಿ ನಿಂತಿದ್ದರು.

"ವಾಹ್ ಅಮ್ಮಾ! ಆರಕ್ಕೆ ಆರೂ ಒಳಗೆ!"

"ಆರಲ್ಲ ಸಾಹೇಬ್ರೇ, ಮೂರು."

"ನಮ್ಮದು ಕಣ್ಣು ಚೆನ್ನಾಗೇ ಇದೆ ಅಮ್ಮಾ. ಎಣಿಸಿ ಹೇಳ್ತಿದ್ದೀನಿ, ಆರು."

ಅವರದು ತಪ್ಪಲ್ಲ. ಒಂದೇ ಪಕ್ಕದಿಂದ ಬೆಳಕು ಬಿದ್ದರೆ ನಾಟಿದ ಪ್ರತಿ ಬಾಣಕ್ಕೂ ಒಂದು ನೆರಳು. ದೂರದಿಂದ ನೋಡಿದರೆ ಬಾಣ ಯಾವುದು, ನೆರಳು ಯಾವುದು ತಿಳಿಯುವುದಿಲ್ಲ. ಅಂಕ ಬರೆಯುವವರು ಹಲಗೆಯ ಗೆರೆಯ ಮೇಲಿರುವುದು ಬಾಣವೋ ನೆರಳೋ ಎಂದು ಜಗಳಕ್ಕೇ ನಿಲ್ಲುತ್ತಾರೆ. ಇದನ್ನು ಸಾಹೇಬರಿಗೆ ಬಿಡಿಸಿ ಹೇಳಿದೆ. ಎರಡು ಕಡೆಯಿಂದಲೂ ಸಮನಾಗಿ ಬೆಳಕು ಕೊಟ್ಟರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ, ಆದ್ದರಿಂದ ಈ ಲೈಟು ತೆಗೆಸುತ್ತೇವೆ ಎಂದೂ ಹೇಳಿದೆ.

ಸಾಹೇಬರು ಗಡ್ಡ ನೀವುತ್ತ ಹಲಗೆಯನ್ನೇ ನೋಡಿದರು. "ತೆಗೆಸೋದಾದ್ರೆ ನಮ್ಮದು ಒಂದು ಮಾತು ಇದೆ ಅಮ್ಮಾ."

"ಹೇಳಿ."

"ಎಸೀಬೇಡಿ. ನಮ್ಮಂಗಡಿಗೆ ಕೊಡಿ. ಏಲಕ್ಕಿ ಡಬ್ಬದ ಪಕ್ಕ ಹಾಕ್ತೀನಿ."

ಬೆಂಚಿನ ಮೇಲೆ ಕರಿ ಕನ್ನಡಕ

ಇಷ್ಟರಲ್ಲಿ ಮೈದುನ ಬಂದ. ಗೋಡೌನು ತನಗೇ ಸಿಗಲಿ ಎಂಬ ಆಸೆ ಅವನಿಗಿದ್ದದ್ದು ನಿಜ. ಆದರೆ ಊರಿನ ಮದುವೆಗೆಲ್ಲ ಲೈಟು ಹಾಕುವವನ ಮನೆಯವರೇ ಕತ್ತಲಲ್ಲಿ ಕೂತಿದ್ದಾರೆ ಎಂದು ಯಾರಾದರೂ ಅಂದಾರು ಎನ್ನುವ ಸಂಕಟ ಅದಕ್ಕಿಂತ ದೊಡ್ಡದು.

"ಲೈಟು ಬದಲಾಯಿಸಿ ಏನ್ ಉಪಯೋಗ ಅತ್ತಿಗೆ? ಗೋಡೆ ನೋಡಿ, ಕೊಬ್ಬರಿ ಜಿಡ್ಡು ಕುಡಿದು ಕರ್ರಗೈತೆ. ನಮ್ಮ ಹುಡುಗ್ರು ಇವತ್ತು ಖಾಲಿ. ಬಿಳಿ ಬಣ್ಣ ಹೊಡೆಸ್ಬುಡ್ತೀನಿ."

ಒಳ್ಳೆಯ ಮಾತೇ. ನಾನು ಒಪ್ಪಿ ಮನೆಗೆ ಹೋದೆ. ಮಾರನೆಯ ದಿನ ಬಂದು ನೋಡಿದರೆ, ಅವನು ನೆಲದಿಂದ ಸೂರಿನವರೆಗೆ ಆಯಿಲ್ ಪೇಂಟ್ ಹೊಡೆಸಿದ್ದ. ಒರೆಸಿದರೆ ಹೊಳೆಯುವಂಥದ್ದು. "ಸಾಂಬಾರು ಚೆಲ್ಲಿದ್ರೂ ಬಟ್ಟೇಲಿ ಒರೆಸಿದ್ರೆ ಹೋಯ್ತು" ಎಂದ ಹೆಮ್ಮೆಯಿಂದ. ಬಿಲ್ಲುಗಾರರು ಗೋಡೆಗೆ ಸಾಂಬಾರು ಏಕೆ ಚೆಲ್ಲುತ್ತಾರೆಂದು ನಾನು ಕೇಳಲಿಲ್ಲ.

ಲೈಟು ಹತ್ತಿಸಿದಾಗ ಪ್ರತಿ ಗೋಡೆಯೂ ಒಂದೊಂದು ಲೈಟಾಯಿತು. ಹಲಗೆಯತ್ತ ನೋಡಿದರೆ ಎಡಗಣ್ಣಲ್ಲಿ ನೀರು, ಬಲಕ್ಕೆ ತಿರುಗಿದರೆ ಬಲಗಣ್ಣಲ್ಲಿ ನೀರು. ಸೊಸೆಯ ಬಳಿ ಕಲಿಯುವವರು ಅಭ್ಯಾಸ ಬಿಡಲಾಗದೆ ಎಲ್ಲರೂ ಕರಿ ಕನ್ನಡಕ ಹಾಕಿಕೊಂಡು ಬಂದರು. ಸರದಿ ಬರುವವರೆಗೆ ಬಾಗಿಲ ಬಳಿಯ ಬೆಂಚಿನಲ್ಲಿ ಸಾಲಾಗಿ ಕೂರುತ್ತಿದ್ದರು.

ಮಾರುಕಟ್ಟೆಗೆ ಬಂದಿದ್ದ ಒಬ್ಬ ಅಜ್ಜಿ ಈ ಸಾಲನ್ನು ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿ, ಗಂಡನನ್ನು ಕೈ ಹಿಡಿದು ಕರೆತಂದಳು. ಅಜ್ಜನನ್ನು ಬೆಂಚಿನ ತುದಿಯಲ್ಲಿ ಕೂರಿಸಿ, ಪಕ್ಕದಲ್ಲಿದ್ದವನನ್ನು ಮೆಲ್ಲಗೆ ಕೇಳಿದಳು: "ಏನ್ ಮಗಾ, ನಿಂದು ಆಪ್ರೇಸನ್ ಆಯ್ತಾ?"

"ಯಾವ ಆಪರೇಷನ್ ಅಜ್ಜಿ?"

"ಕಣ್ಣಿಂದು ಕಣಪ್ಪ. ಪುಗಸಟ್ಟೆ ಮಾಡ್ತಾವ್ರಲ್ಲ. ನಮ್ಮೋರಿಗೂ ಎಡಗಣ್ಣು ಮಂಜು. ನೋವಾಯ್ತದಾ?"

ಅವನು ಉತ್ತರ ಕೊಡುವ ಮೊದಲೇ ಒಳಗಿನಿಂದ ನನ್ನ ಸೊಸೆ ಬಂದಳು. ಮುಖದ ಮೇಲೆ ಕರಿ ಕನ್ನಡಕ, ಕೈಯಲ್ಲಿ ಒಂದು ತೋಳುದ್ದದ ಬಾಣ. "ಮುಂದಿನವರು ಯಾರು?" ಎಂದಳು.

ಅಜ್ಜ ಎದ್ದು ನಿಂತ. ಮಂಜುಗಣ್ಣಿಗೂ ಬಾಣ ಚೆನ್ನಾಗಿಯೇ ಕಂಡಿತ್ತು. "ನಡಿಯೇ! ಒಂದು ಕಣ್ಣಾದ್ರೂ ಐತೆ, ಇದ್ದಂಗೇ ಇರ್ಲಿ!"

ಓಡುವ ದೀಪ

ಹೊಳೆಯುವ ಬಣ್ಣದ ಮೇಲೆ ಹೊಳಪಿಲ್ಲದ ತಿಳಿ ಬೂದು ಬಣ್ಣ ಹೊಡೆಸಿದೆ. ಮೈದುನನಿಗೆ ಅದು ಮನಸ್ಸಿಗೆ ಹತ್ತಿತು. ತನ್ನ ಕೈಚಳಕ ಏನೆಂದು ತೋರಿಸಲೇಬೇಕೆಂದು, ನಾನೂ ಸೊಸೆಯೂ ಇಲ್ಲದ ಹೊತ್ತಿನಲ್ಲಿ ಅಂಗಡಿಯಿಂದ ಸೀರಿಯಲ್ ಸೆಟ್ ತಂದ. ದಸರಾ ಸಮಯದಲ್ಲಿ ರಸ್ತೆಗೆ ಹಾಕುತ್ತಾರಲ್ಲ, ಅವೇ ಬಣ್ಣದ ಪುಟ್ಟ ದೀಪಗಳ ಸರ. ಪ್ರತಿ ಗುರಿಹಲಗೆಯ ಸುತ್ತ ಮೂರು ಸುತ್ತು ಸುತ್ತಿದ. ಹಿಂದೆ ಕೆಂಪು ಪರದೆ. ಮೇಲೆ ಕಮಾನು.

ನಾವು ಬಂದಾಗ ಸ್ವಿಚ್ ಒತ್ತಿದ. ಹಸಿರು ಕೆಂಪನ್ನು ಅಟ್ಟಿಸಿಕೊಂಡು ಓಡಿತು, ಕೆಂಪು ನೀಲಿಯನ್ನು. ಸೊಸೆ ಸ್ವಲ್ಪ ಹೊತ್ತು ನೋಡಿ, ಗೋಡೆ ಹಿಡಿದುಕೊಂಡಳು.

"ಚಿಕ್ಕ ಮಾವ, ಹಲಗೆಯೇ ತಿರುಗಿದ ಹಾಗೆ ಕಾಣುತ್ತೆ."

"ಓಡೋದು ಬೇಡ್ವಾ? ಹೇಳ್ಬಾರ್ದಾ ಕಣಮ್ಮ! ಮಿಣುಕೋದು ಐತೆ, ಉಕ್ಕಿ ಇಳಿಯೋದು ಐತೆ, ಯಾವ್ದು ಬೇಕು?"

"ಅಲ್ಲಾಡದೆ ಇರೋದು ಬೇಕು."

ಮೈದುನನಿಗೆ ಅರ್ಥವಾಗಲಿಲ್ಲ. ಇಷ್ಟು ವರ್ಷದಲ್ಲಿ ಅಂಥ ಲೈಟನ್ನು ಯಾರೂ ಅವನಲ್ಲಿ ಕೇಳಿರಲಿಲ್ಲ. ಅವನು ಹತ್ತು ಹೆಜ್ಜೆ ಹಿಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಪರದೆ, ಕಮಾನು, ಹಲಗೆ ಎಲ್ಲವನ್ನೂ ಕಣ್ತುಂಬ ನೋಡಿದ.

"ಎಲ್ಲಾ ಸರಿಯಾಗೈತೆ ಅತ್ತಿಗೆ. ಆ ಹಲಗೆ ತೆಗೆದು ಹೆಣ್ಣು-ಗಂಡು ಕೂರ್ಸಿದ್ರೆ ಮುಗೀತು."

ಎಟುಕದ ಬಾಗಿನ

ಇನ್ನು ಯಾರನ್ನೂ ನಂಬಿ ಪ್ರಯೋಜನವಿಲ್ಲ ಎಂದು ನಾನೂ ಸೊಸೆಯೂ ಕಾಗದ ಹಿಡಿದು ಕೂತೆವು. ಅವಳಿಗೆ ಬಾಣ ಗೊತ್ತು, ನನಗೆ ಬೆಳಕು ಗೊತ್ತು. ಬಿಲ್ಲುಗಾರರ ತಲೆಯ ಮೇಲೆ ಹಿತವಾದ ಬೆಳಕು ಇರಬೇಕು, ಹಲಗೆಯ ಮೇಲೆ ಅದಕ್ಕಿಂತ ಹೆಚ್ಚು. ಹಲಗೆಗೆ ಬೀಳುವ ಬೆಳಕು ಸೂರಿನಿಂದ, ಎಡ ಬಲ ಎರಡೂ ಕಡೆಯಿಂದ ಬರಬೇಕು, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು. ಮುಖ್ಯವಾಗಿ, ಬಿಲ್ಲು ಎತ್ತಿದವರಿಗೆ ಹಲಗೆ ಕಾಣಬೇಕು, ಲೈಟು ಕಾಣಬಾರದು. ಅದಕ್ಕೆ ಪ್ರತಿ ಲೈಟಿಗೂ ಒಂದು ಮರೆ ಬೇಕು. ಸೂರಿಗೆ ಲೈಟುಗಳನ್ನು ಹಾಗೆಯೇ ಹಾಕಿಸಿದೆವು, ಉಳಿದದ್ದು ಮರೆ.

ಮರೆಯ ಅಗಲ ಎಷ್ಟು, ಓರೆ ಎಷ್ಟು? ತಗಡು ಕತ್ತರಿಸುವ ಮೊದಲು ಪರೀಕ್ಷಿಸಿ ನೋಡಬೇಕಲ್ಲ. ಗೌರಿ ಹಬ್ಬ ಹತ್ತಿರ ಬಂದಿತ್ತು. ಬಾಗಿನಕ್ಕೆಂದು ತಂದ ಹೊಸ ಮೊರಗಳು ಮನೆಯಲ್ಲಿ ಜೋಡಿ ಜೋಡಿಯಾಗಿದ್ದವು. ಅರಿಶಿನ ಸವರಿ, ಕುಂಕುಮ ಇಟ್ಟು ಸಿದ್ಧವಾಗಿದ್ದವು. ಅಗಲ ಸರಿ, ಅಂಚು ಸರಿ, ಭಾರವಿಲ್ಲ. ತೆಗೆದುಕೊಂಡು ಹೋಗಿ ಒಂದೊಂದು ಲೈಟಿನ ಮುಂದೆ ಒಂದೊಂದನ್ನು ದಾರದಲ್ಲಿ ಇಳಿಬಿಟ್ಟೆವು. ಸೊಸೆ ಗೆರೆಯ ಮೇಲೆ ನಿಂತು, "ಸ್ವಲ್ಪ ಕೆಳಗೆ ಅತ್ತೆ, ಇನ್ನೂ ಸ್ವಲ್ಪ, ಹಾಂ!" ಎಂದಳು. ಲೈಟು ಮರೆಯಾಯಿತು. ಹಲಗೆ ಹುಣ್ಣಿಮೆ ಚಂದ್ರನ ಹಾಗೆ ಕಂಡಿತು.

ನಾವು ಸಂತೋಷದಿಂದ ಮೇಲೆ ನೋಡುತ್ತ ನಿಂತಿದ್ದಾಗ ನನ್ನ ನಾದಿನಿ ಬಂದಳು. ಪ್ರತಿ ವರ್ಷ ಹಬ್ಬಕ್ಕೆ ತವರಿನ ಬಾಗಿನ ಪಡೆಯಲು ಬರುವವಳು. ಮನೆಯಲ್ಲಿ ನಾವಿಲ್ಲದ್ದು ಕಂಡು ಆಟೋ ಮಾಡಿಕೊಂಡು ಇಲ್ಲಿಗೇ ಬಂದಿದ್ದಳು. ಒಳಗೆ ಕಾಲಿಟ್ಟು, ನಮ್ಮ ಜೊತೆ ತಾನೂ ತಲೆ ಎತ್ತಿದಳು. ಸೂರಿನ ತುಂಬ ಅರಿಶಿನ ಕುಂಕುಮದ ಮೊರಗಳು ಗಾಳಿಗೆ ಮೆಲ್ಲಗೆ ತೂಗುತ್ತಿದ್ದವು.

ಅವಳು ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟಳು.

"ಅತ್ತಿಗೆ, ತವರಿನ ಬಾಗಿನ ಕೊಡೋಕೆ ಮನಸ್ಸಿಲ್ಲ ಅಂದ್ರೆ ನೇರವಾಗಿ ಹೇಳಬಹುದಿತ್ತು. ಕೈಗೆ ಎಟುಕದ ಹಾಗೆ ನೇತುಹಾಕೋದಾ?"

ಮೀಟರಿನ ಮರ್ಯಾದೆ

ತಗಡಿನ ಮರೆಗಳು ಬಂದವು, ಅವಕ್ಕೆ ಕಪ್ಪು ಬಣ್ಣ ಬಳಿದೆವು. ನಾದಿನಿಗೆ ಬಾಗಿನದ ಜೊತೆ ಒಂದು ಸೀರೆಯೂ ಹೋಯಿತು. ಸಂಘದವರಿಗೆ ಹೇಳಿಕಳಿಸಿದೆವು.

ಈ ಸಲ ಬಂದವರು ಹೊಸಬರು. ಹಿರಿಯರು, ಹಣೆಯ ಮೇಲೆ ವಿಭೂತಿ, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅವರ ಕೈಯಲ್ಲಿ ಬೆಳಕು ಅಳೆಯುವ ಮೀಟರು. ಚಪ್ಪಟೆಯಾಗಿ, ಅಂಗೈಗಿಂತ ಸ್ವಲ್ಪ ಉದ್ದಕ್ಕಿತ್ತು. ಕೆಳಗೆ ಬೆಳಕು ಹಿಡಿಯುವ ಬಿಳಿ ಗುಂಡಿ, ಮೇಲೆ ಅಂಕಿ ತೋರಿಸುವ ಕಿಟಕಿ.

ಅವರು ಸಂಜೆಗೇ ಬರುತ್ತೇನೆಂದಿದ್ದರು, ಹೊರಗಿನ ಬೆಳಕು ಒಳಗಿನ ಲೆಕ್ಕಕ್ಕೆ ಸೇರಬಾರದಲ್ಲ. ಮೈದುನನೂ ಬಂದ. "ಇಂಗೇ ಈ ಕಡೆ ಬಂದೆ" ಎಂದ. ಹೊರಗೆ ನೋಡಿದರೆ ಕುರ್ಚಿ ತುಂಬಿದ ಟೆಂಪೋ ನಿಂತಿತ್ತು.

ಸೊಸೆ ಬೆಳಗಿನಿಂದ ಊಟ ಮಾಡಿರಲಿಲ್ಲ. ಬಿಲ್ಲನ್ನು ಒರೆಸಿದ್ದೇ ಒರೆಸಿದ್ದು. ಇಂದು ಆಗದಿದ್ದರೆ ಇಲ್ಲಿ ಪಂದ್ಯವಿಲ್ಲ, ನಾಳೆಯಿಂದ ಅವಳ ಹಲಗೆಗಳು ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ. ತೀರ್ಪು ಕೊಟ್ಟವಳು ನಾನೇ. ಹಿಂದಕ್ಕೆ ತೆಗೆದುಕೊಳ್ಳುವ ಹಾಗೂ ಇರಲಿಲ್ಲ.

ಹಿರಿಯರು ಒಂದೊಂದೇ ಹಲಗೆಯ ಮುಂದೆ ನಿಂತು ಮೀಟರು ಹಿಡಿದರು. ಮೇಲೆ, ನಡುವೆ, ಕೆಳಗೆ. "ಹೂಂ" ಎಂದರು. ಗೆರೆಯ ಮೇಲೆ ನಿಂತು ತಲೆ ಎತ್ತಿದರು. ಲೈಟು ಕಣ್ಣಿಗೆ ಬೀಳಲಿಲ್ಲ. "ಹೂಂ" ಎಂದರು. ನಾಟಿದ ಬಾಣದ ನೆರಳು ಹುಡುಕಿದರು. ಸಿಗಲಿಲ್ಲ. ಈ ಸಲ ಎರಡು "ಹೂಂ".

"ಕೊನೆಯದು ಒಂದಿದೆ" ಎಂದರು. "ಪಂದ್ಯದ ನಡುವೆ ಕರೆಂಟು ಹೋಗಿ ಬಂದರೆ ಲೈಟು ತಕ್ಷಣ ಪೂರ್ತಿ ಬರಬೇಕು. ಕೆಲವು ಲೈಟು ಕಾಯಿಸುತ್ತವೆ. ಒಂದು ಸಲ ಎಲ್ಲ ಆರಿಸಿ, ನಾನು ಹೇಳಿದಾಗ ಹತ್ತಿಸಿ. ಆ ಕ್ಷಣವೇ ಮೀಟರು ನೋಡುತ್ತೇನೆ."

ಹಲಗೆಯ ಪಕ್ಕ ಮೀಟರು ಹಿಡಿದು ನಿಂತರು. ಯಜಮಾನರು ಸ್ವಿಚ್ ಆರಿಸಿದರು. ಗೋಡೌನು ಕಗ್ಗತ್ತಲಾಯಿತು. ಹಿರಿಯರ ಧ್ವನಿ ಬಂತು: "ಹಾಕಿ."

ಬೆಳಕು ಬಂತು. ಒಂದು ಚಿಟಿಕೆ ಹೊಡೆಯುವಷ್ಟೂ ತಡವಿಲ್ಲದೆ, ಪೂರ್ತಿಯಾಗಿ, ಹಾಲು ಚೆಲ್ಲಿದ ಹಾಗೆ.

ನಮ್ಮ ಕಡೆಯ ಮನೆಗಳ ಅಭ್ಯಾಸ ನಿಮಗೆ ಗೊತ್ತೇ ಇದೆ. ಮುಸ್ಸಂಜೆ ದೀಪ ಹತ್ತಿದರೆ ಕೈ ತಾನಾಗಿ ಕೂಡಿಕೊಳ್ಳುತ್ತದೆ. ಕರೆಂಟು ಹೋಗಿ ಬಂದರೂ ಅಷ್ಟೇ. ಯಾರೂ ಹೇಳಬೇಕಿಲ್ಲ, ಯೋಚಿಸಬೇಕಿಲ್ಲ. ಸೊಸೆ ಬಿಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ಕೈ ಮುಗಿದಳು. ಯಜಮಾನರು ಸ್ವಿಚ್ಚಿನ ಬಳಿಯೇ ಮುಗಿದರು. ನಾನೂ ಮುಗಿದೆ. ಮೈದುನ ಮುಗಿದು, ಕೆನ್ನೆಗೂ ತಟ್ಟಿಕೊಂಡ.

ಹಿರಿಯರೂ ಮುಗಿದರು. ಕಣ್ಣು ಮುಚ್ಚಿ, ಎದೆಯ ಹತ್ತಿರ, ಎರಡೂ ಅಂಗೈ ಗಟ್ಟಿಯಾಗಿ ಜೋಡಿಸಿ. ಮೀಟರು ಆ ಎರಡು ಅಂಗೈಗಳ ನಡುವೆ ಇತ್ತು.

ಅವರು ಕಣ್ಣು ಬಿಟ್ಟರು. ಕೈ ಬಿಡಲಿಲ್ಲ. ಬೆರಳುಗಳ ತುದಿಯಲ್ಲಿ ಅಂಕಿಯ ಕಿಟಕಿ ಮಾತ್ರ ಇಣುಕುತ್ತಿತ್ತು. ಅದನ್ನು ನೋಡಿದರು. ಹುಬ್ಬು ಗಂಟಾಯಿತು.

"ಏನಮ್ಮಾ ಇದು? ಸೊನ್ನೆ!"

ಸೊಸೆ ಮೇಲೆ ನೋಡಿದಳು, ಲೈಟು ಉರಿಯುತ್ತಿದೆ. ಹಲಗೆ ನೋಡಿದಳು, ಬೆಳಗುತ್ತಿದೆ.

"ಬೆಳಕೇ ಬಂದಿಲ್ಲ ಅಂತಿದೆ ಮೀಟರು" ಎಂದರು ಹಿರಿಯರು ಗಂಭೀರವಾಗಿ. "ನಾನು ಮೀಟರಿನ ಪ್ರಕಾರವೇ ಹೋಗಬೇಕು. ನಮ್ಮ ಕಣ್ಣನ್ನು ನಂಬುವ ಹಾಗಿಲ್ಲ."

ಮೈದುನ ಬಾಗಿಲಿಗೆ ಹೋಗಿ, ಟೆಂಪೋದವನಿಗೆ, "ಹಗ್ಗ ಬಿಚ್ಚಪ್ಪ" ಎಂದದ್ದು ನನಗೆ ಕೇಳಿಸಿತು. ಸೊಸೆಯ ಕಣ್ಣಲ್ಲಿ ನೀರು ತುಂಬಿತು. ನಾನು ಹಿರಿಯರ ಹತ್ತಿರ ಹೋಗಿ ನಿಂತೆ. ಅವರ ಮುಖ ನೋಡಿದೆ, ಕಿಟಕಿ ನೋಡಿದೆ, ಕೈ ನೋಡಿದೆ.

"ಸಾರ್, ನಿಮ್ಮ ನಮಸ್ಕಾರ ಮುಗೀತಾ?"

"ಯಾವ ನಮಸ್ಕಾರ?"

"ಮುಗಿದಿದ್ರೆ ಕೈ ಬಿಡಿ. ದೀಪ ಮೀಟರಿಗೂ ಸ್ವಲ್ಪ ಕಾಣಲಿ."

ಹಿರಿಯರು ತಮ್ಮ ಕೈಗಳನ್ನು, ಯಾರದೋ ಕೈ ಎಂಬಂತೆ ನೋಡಿಕೊಂಡರು. ಮೆಲ್ಲಗೆ ಬಿಡಿಸಿದರು. ಕಿಟಕಿಯ ಅಂಕಿ ಮೇಲಕ್ಕೆ ಹಾರಿತು, ಅಲ್ಲಾಡದೆ ನಿಂತಿತು. ಅವರು ಅದನ್ನು ನೋಡಿದರು, ಲೈಟು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಬೆಂಚು ಹುಡುಕಿಕೊಂಡು ಹೋಗಿ ಕೂತು ನಕ್ಕರು. ನಗುತ್ತಲೇ ಒಪ್ಪಿಗೆ ಬರೆದು ರುಜು ಹಾಕಿದರು. ಸೊಸೆ ಅವರ ಕಾಲಿಗೆ ಬಿದ್ದಳು, ನನ್ನ ಕಾಲಿಗೂ ಬಿದ್ದಳು. ನಾನು ಸೊಂಟದಿಂದ ಬೀಗದ ಕೈ ತೆಗೆದು ಅವಳ ಕೈಗೆ ಕೊಟ್ಟೆ.

ಅಷ್ಟರಲ್ಲಿ ಮೈದುನ ತಲೆಯ ಮೇಲೆ ನಾಲ್ಕು ಕುರ್ಚಿ ಹೊತ್ತುಕೊಂಡು ಒಳಗೆ ಬಂದ. ಬೀಗದ ಕೈ ಯಾರ ಕೈಯಲ್ಲಿದೆ ಎಂದು ನೋಡಿದ. ನಡೆದದ್ದನ್ನು ಯಜಮಾನರು ಹೇಳಿದರು. ಕುರ್ಚಿಗಳನ್ನು ಇಳಿಸಿ, ಒಂದರಲ್ಲಿ ತಾನೇ ಕೂತು, ಹಿರಿಯರತ್ತ ತಿರುಗಿ ನೊಂದ ಧ್ವನಿಯಲ್ಲಿ ಹೇಳಿದ:

"ಏನ್ ಸಾರ್ ನೀವು! ಇಷ್ಟು ವಯಸ್ಸಾಗೈತೆ, ಇನ್ನೈದು ನಿಮಿಷ ಕೈ ಮುಗ್ಕೊಂಡು ನಿಲ್ಲೋವಷ್ಟು ಭಕ್ತಿ ಇಲ್ವಾ?"